ದೊರೆತ ರಕ್ಷಣೆ ಕೈತಪ್ಪೀತೆ?

ಗೋವಿಂದರಾಜನಗರದಲ್ಲಿ ನಾನು ವಾಸವಾಗಿರುವ ಬೀದಿಯಲ್ಲಿ ಎದುರುಬದುರಾಗಿ ಎರಡು ಕ್ರೈಸ್ತ ಕುಟುಂಬಗಳಿವೆ. ಒಂದು ಮನೆಯ ಹಿರಿಯಾಕೆ ಕಥೋಲಿಕರು. ವರ್ಷ ವರ್ಷವೂ ಸೆಪ್ಟೆಂಬರ್ ೮ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕದ ಹಬ್ಬಕ್ಕೆ ತಪ್ಪದೆ ಹೋಗಿಬರುವವರು. ಎದುರು ಮನೆಯ ನಿವೃತ್ತ ಅಧಿಕಾರಿಗಳು ಪ್ರಾಟೆಸ್ಟಂಟರು. ಭಾನುವಾರದ ಆರಾಧನೆಗೆ ಹಡ್ಸನ್ ಸ್ಮಾರಕ ಚರ್ಚಿಗೆ ಹೋಗುವವರು. ನಾನಾದರೋ ಈ ಎರಡಕ್ಕೂ ಹೊರಗಿನವನು. ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು.

ಆ ಹಿರಿಯಾಕೆಯ ಮಗ ಬಹುಕಾಲದಿಂದ ಚರ್ಚಿನ ಹೊಸ್ತಿಲು ತುಳಿದವನಲ್ಲ. ಒಂದು ರಾತ್ರಿ ಎದೆನೋವೆಂದವನು ಗುರುಗಳು ಬರುವ ಮುನ್ನವೇ ತೀರಿಕೊಂಡ. ತಿಂಗಳು ಕಳೆದ ಮೇಲೆ, ನಾವು ನೆರೆಯವರು ಮಾತನಾಡಿಸಲು ಹೋಗಿದ್ದಾಗ, ಆಕೆ ನನ್ನನ್ನು ಕೇಳಿದರು: “ಮೇಷ್ಟ್ರೇ, ಕೂಸಾಗಿದ್ದಾಗ ಅವನಿಗೆ ದೀಕ್ಷಾಸ್ನಾನ ಮಾಡಿಸಿದ್ದೆ. ಅವತ್ತು ಸಿಕ್ಕಿದ್ದು ಈಗ ತಪ್ಪಿಹೋಯಿತೇ?” ನಾನು ಉತ್ತರಿಸಲಾರದೆ ಕುಳಿತೆ. ಎದುರು ಮನೆಯವರು ಮೆಲ್ಲಗೆ, “ಅಮ್ಮಾ, ದೇವರು ಕೊಟ್ಟದ್ದನ್ನು ಹಿಂದಕ್ಕೆ ಕಿತ್ತುಕೊಳ್ಳುವವನಲ್ಲ” ಎಂದರು. ಸಮಾಧಾನದ ಮಾತೇ ಸರಿ. ಆದರೆ ಈ ಪ್ರಶ್ನೆಯ ಸುತ್ತ ಶತಮಾನಗಳ ವಿಚಾರಮಂಥನವಿದೆಯೆಂಬುದು ನನಗೆ ತಿಳಿದದ್ದು ಅನಂತರ, ಓದತೊಡಗಿದ ಮೇಲೆ. ಆ ಓದಿನ ಸಾರವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಮೋಕ್ಷವೆಂದರೆ ಪುನರಾವೃತ್ತಿಯಿಲ್ಲದ್ದು ಎಂದು ಕೇಳಿ ಬೆಳೆದವರು ನಾವು. ಪಡೆದ ಮೋಕ್ಷ ಕಳೆದುಹೋಗುವುದೆಂಬ ಮಾತೇ ನಮಗೆ ಅಸಂಗತವಾಗಿ ತೋರುತ್ತದೆ. ಕ್ರೈಸ್ತರು ‘ರಕ್ಷಣೆ’ ಎನ್ನುವುದು ಹಾಗಲ್ಲ. ಅದರ ಕೊನೆ ಪರಲೋಕದಲ್ಲಿ. ಮೊದಲು ಈ ಲೋಕದಲ್ಲಿಯೇ. ಮನುಷ್ಯ ದೇವರೊಡನೆ ಸಂಧಿಯಾದ ದಿನವೇ ಅದು ಆರಂಭವಾಗುತ್ತದೆ. ಆ ದಿನಕ್ಕೂ ಸಾವಿನ ದಿನಕ್ಕೂ ನಡುವೆ ಇಡೀ ಒಂದು ಬಾಳು ಬಿದ್ದಿದೆ. ಪ್ರಶ್ನೆ ಹುಟ್ಟುವುದು ಈ ನಡುವಿನ ಹಾದಿಯಲ್ಲಿ.

ಕಥೋಲಿಕ ಧರ್ಮಸಭೆ ತನ್ನ ಉತ್ತರವನ್ನು ಖಚಿತಗೊಳಿಸಿದ್ದು ಟ್ರೆಂಟ್ ನಗರದ ಮಹಾಸಭೆಯಲ್ಲಿ. ೧೫೪೫ರಿಂದ ೧೫೬೩ರವರೆಗೆ ಬಿಟ್ಟು ಬಿಟ್ಟು ನಡೆದ ಆ ಸಭೆ ೧೫೪೭ರ ಜನವರಿಯಲ್ಲಿ ಈ ವಿಷಯವಾಗಿ ಒಂದು ನಿರ್ಣಯವನ್ನು ಹೊರಡಿಸಿತು. ದೀಕ್ಷಾಸ್ನಾನದಲ್ಲಿ ದೊರೆತ ವರಪ್ರಸಾದ ಆತ್ಮದ ಜೀವ. ತಿಳಿದೂ ತಿಳಿದೂ, ಮನಸಾರೆ ಒಪ್ಪಿ ಮಾಡಿದ ಘೋರ ಪಾಪದಿಂದ ಆ ಜೀವ ನಂದಿಹೋಗುತ್ತದೆ. ಅಂಥದನ್ನು ಮಾರಕ ಪಾಪವೆನ್ನುತ್ತಾರೆ. ನಂಬಿಕೆ ಉಳಿದಿದ್ದರೂ ವರಪ್ರಸಾದ ಹೋಗಿರಬಹುದು. ಆದರೆ ಹೋದದ್ದು ಮತ್ತೆ ಬಾರದೆಂದಲ್ಲ. ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದವನಿಗೆ ಅದು ಮರಳಿ ದೊರೆಯುತ್ತದೆ. ಇದರೊಂದಿಗೆ ಆ ಸಭೆ ಇನ್ನೊಂದು ಮಾತನ್ನೂ ಹೇಳಿತು: ದೇವರೇ ವಿಶೇಷವಾಗಿ ತಿಳಿಯಪಡಿಸಿದ ಹೊರತು, ಕೊನೆಯವರೆಗೂ ತಾನು ಉಳಿದೇ ಉಳಿಯುತ್ತೇನೆಂದು ಯಾರೂ ನಿಶ್ಚಯವಾಗಿ ಹೇಳಿಕೊಳ್ಳಲಾಗದು. ಭರವಸೆ ಉಂಟು, ಖಾತರಿ ಇಲ್ಲ.

ಹಾಗಾದರೆ ಪ್ರಾಟೆಸ್ಟಂಟರದು ಇದಕ್ಕೆ ನೇರ ವಿರುದ್ಧವಾದ ನಿಲುವೇ? ನಾನೂ ಹಾಗೆಂದೇ ಎಣಿಸಿದ್ದೆ. ನಿಜಸ್ಥಿತಿ ಬೇರೆ. ೧೫೧೭ರಲ್ಲಿ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ರಕ್ಷಣೆ ಕೇವಲ ನಂಬಿಕೆಯಿಂದ ಎಂದರೂ, ಆ ನಂಬಿಕೆಯನ್ನೇ ಮನುಷ್ಯ ಕಳೆದುಕೊಳ್ಳಬಲ್ಲನೆಂಬುದನ್ನು ಅಲ್ಲಗಳೆಯಲಿಲ್ಲ. ೧೫೩೦ರ ಆಗ್ಸ್‌ಬರ್ಗ್ ನಿವೇದನೆ, ಒಮ್ಮೆ ನೀತಿವಂತರಾದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರೆನ್ನುವವರನ್ನು ಖಂಡಿಸುತ್ತದೆ. ಕಳೆದುಹೋಗಲಾರದೆಂಬ ವಾದವನ್ನು ಕಟ್ಟಿನಿಲ್ಲಿಸಿದವರು ಜಾನ್ ಕ್ಯಾಲ್ವಿನ್ ಮತ್ತು ಅವರ ಅನುಯಾಯಿಗಳು. ೧೬೧೮–೧೯ರಲ್ಲಿ ಹಾಲೆಂಡಿನ ಡಾರ್ಟ್ ಸಭೆ ಅದನ್ನು ಸಿದ್ಧಾಂತವಾಗಿ ಸಾರಿತು. ದೇವರು ಆರಿಸಿಕೊಂಡವನು ಎಡವಬಹುದು, ಘೋರವಾಗಿಯೂ ಬೀಳಬಹುದು. ಆದರೆ ದೇವರು ಅವನನ್ನು ಬಿದ್ದಲ್ಲಿಯೇ ಬಿಡುವುದಿಲ್ಲ. ಹಿಡಿತ ಮನುಷ್ಯನದಲ್ಲ, ದೇವರದು ಎಂಬುದು ಅವರ ಮಾತಿನ ತಿರುಳು. ಅದೇ ಹಾಲೆಂಡಿನ ಆರ್ಮಿನಿಯಸ್ಸನ ಅನುಯಾಯಿಗಳು ಇದನ್ನು ಒಪ್ಪಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷರಾದ ಜಾನ್ ವೆಸ್ಲಿಯೂ ಒಪ್ಪಲಿಲ್ಲ. ದೇವರ ಮಗುವೆಂಬ ಭರವಸೆ ಇಂದು ಹೃದಯದಲ್ಲಿ ಇರಬಹುದು. ಆದರೂ ಎಚ್ಚರ ತಪ್ಪಿದವನು ನಾಳೆ ಕೃಪೆಯಿಂದ ಜಾರಿಯಾನು ಎಂದರವರು.

ಈ ಭೇದವನ್ನು ಕಾಣಲು ನಾವು ಹಾಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಮಾಗಡಿ ರಸ್ತೆಯಿಂದ ಪೇಟೆಯ ಕಡೆಗೆ ಹೊರಟರೆ ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚು ಸಿಗುತ್ತದೆ. ನಮ್ಮ ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸರ ತಂದೆ ಬೆಂಜಮಿನ್ ರೈಸರ ಹೆಸರು ಅದಕ್ಕೆ. ಅವರು ಲಂಡನ್ ಮಿಷನ್ನಿನವರು; ಆ ಮಿಷನ್ನಿನ ಬೇರು ಬಹುಮಟ್ಟಿಗೆ ಕ್ಯಾಲ್ವಿನ್ ಪರಂಪರೆಯಲ್ಲಿತ್ತು. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಹಡ್ಸನ್ ಸ್ಮಾರಕ ಚರ್ಚು ವೆಸ್ಲಿಯನ್ ಮಿಷನ್ನಿನದು. ಒಂದೇ ಊರು, ಒಂದೇ ಕನ್ನಡ ಬೈಬಲ್ಲು. ಆದರೆ ಒಂದರ ಪರಂಪರೆ ರಕ್ಷಣೆ ಕಳೆಯಲಾರದೆಂದರೆ ಇನ್ನೊಂದರದು ಕಳೆದೀತು ಎನ್ನುತ್ತದೆ. ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಎರಡು ಧಾರೆಗಳೂ, ಆಂಗ್ಲಿಕನ್ ಧಾರೆಯೂ, ಅದರಲ್ಲಿ ಕೂಡಿಕೊಂಡವು. ಧರ್ಮಗ್ರಂಥವೂ ಪ್ರಾಚೀನ ವಿಶ್ವಾಸ ಪ್ರಮಾಣಗಳೂ ಆ ಐಕ್ಯಕ್ಕೆ ಆಧಾರವಾದವು. ಎದುರು ಮನೆಯವರಿಗೆ ಇದನ್ನು ಹೇಳಿದಾಗ ಅವರು ನಕ್ಕರು: “ನಮ್ಮ ಮನೆಯಾಕೆಯ ತವರು ರೈಸ್ ಚರ್ಚು. ನಾನು ಅವತ್ತು ಆಡಿದ ಮಾತು ಮಾವನವರದು. ನಮ್ಮ ತಂದೆ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.”

ಶ್ರೀವೈಷ್ಣವ ಸಂಪ್ರದಾಯವನ್ನು ಬಲ್ಲವರಿಗೆ ಇಲ್ಲಿ ಒಂದು ಹಳೆಯ ಚಿತ್ರ ನೆನಪಾಗದಿರದು. ಕೋತಿಯ ಮರಿ ತಾನೇ ತಾಯಿಯ ಹೊಟ್ಟೆಯನ್ನು ಅವಚಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಹಿಡಿದು ಒಯ್ಯುತ್ತದೆ. ಮೊದಲನೆಯದು ವಡಕಲೆಯವರ ಮರ್ಕಟಕಿಶೋರ ನ್ಯಾಯ, ಎರಡನೆಯದು ತೆಂಕಲೆಯವರ ಮಾರ್ಜಾರಕಿಶೋರ ನ್ಯಾಯ. ಜರ್ಮನಿಯ ವಿದ್ವಾಂಸ ರುಡಾಲ್ಫ್ ಆಟೊ ೧೯೩೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಭಾರತದ ಈ ಕೃಪಾಮಾರ್ಗವನ್ನು ಕ್ರೈಸ್ತಮತದೊಡನೆ ಹೋಲಿಸಿ ನೋಡಿದರು. ಹೋಲಿಕೆಗೆ ಮಿತಿಯುಂಟು. ನಮ್ಮವರ ಚರ್ಚೆ ಕೃಪೆ ದೊರೆಯುವ ಬಗೆಯನ್ನು ಕುರಿತದ್ದು. ಅವರದು ದೊರೆತದ್ದು ಉಳಿಯುವ ಬಗೆಯನ್ನು ಕುರಿತದ್ದು. ಆದರೂ ಕೇಳಿದ ಪ್ರಶ್ನೆ ಒಂದೇ: ಹಿಡಿದುಕೊಂಡವರು ಯಾರು, ಮರಿಯೋ ತಾಯಿಯೋ?

ಇವುಗಳಲ್ಲಿ ಯಾವುದು ಹೆಚ್ಚು ಸಮಾಧಾನಕರ? ತರ್ಕಕ್ಕೆ ಬೆಕ್ಕಿನ ಮರಿಯೇ ಸುಖಿಯೆಂದು ತೋರೀತು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ನೋಡಿದರೆ ಅಷ್ಟು ಸುಲಭವಲ್ಲ. ನಿಜವಾಗಿ ರಕ್ಷಣೆ ಹೊಂದಿದವನು ಕೊನೆಯವರೆಗೂ ಬಾಳುತ್ತಾನೆಂದರೆ, ಬಿಟ್ಟುಹೋಗಿ ಹಿಂತಿರುಗದವನು ಮೊದಲಿನಿಂದಲೂ ಹೊಂದಿರಲಿಲ್ಲವೆಂದು ಅರ್ಥವಾಗುತ್ತದೆ. ಡಾರ್ಟಿನ ಸಿದ್ಧಾಂತದ ಮುಳ್ಳು ಇದು. ‘ಕಳೆದುಕೊಂಡ’ ಎಂಬ ಮಾತು ಕ್ರೂರವಾದರೆ, ‘ಅವನಿಗೆ ಎಂದೂ ಸಿಕ್ಕಿರಲಿಲ್ಲ’ ಎಂಬುದು ಅದಕ್ಕಿಂತ ಕ್ರೂರವಲ್ಲವೆ? ಇತ್ತ ಕಥೋಲಿಕ ಮಾತು ಮೇಲುನೋಟಕ್ಕೆ ಕಠಿಣ. ಆದರೆ ಅದರೊಳಗೊಂದು ಮೃದುವಾದ ಎಡೆಯಿದೆ. ೧೫೫೧ರಲ್ಲಿ ಅದೇ ಟ್ರೆಂಟ್ ಸಭೆ ಪೂರ್ಣ ಪಶ್ಚಾತ್ತಾಪದ ವಿಚಾರವನ್ನು ಹೇಳಿತು. ಶಿಕ್ಷೆಯ ಭಯದಿಂದಲ್ಲದೆ ದೇವರ ಮೇಲಣ ಪ್ರೀತಿಯಿಂದ ಹುಟ್ಟಿದ ದುಃಖ, ಪಾಪನಿವೇದನೆಯ ಹಂಬಲವನ್ನು ಒಳಗೊಂಡಿದ್ದರೆ, ನಿವೇದನೆಗೆ ಮೊದಲೇ ಮನುಷ್ಯನನ್ನು ದೇವರೊಡನೆ ಸಂಧಿಗೊಳಿಸುತ್ತದೆ. ಅನೇಕರನ್ನು ಸಂತರೆಂದು ಸಾರಿದ ಆ ಧರ್ಮಸಭೆ, ಇಂಥವನು ನಾಶವಾದನೆಂದು ಯಾರೊಬ್ಬರ ಹೆಸರನ್ನೂ ಹಿಡಿದು ಸಾರಿಲ್ಲ.

ನಾನು ಕಂಡುಕೊಂಡದ್ದು ಇಷ್ಟು. ಒಂದು ಪಕ್ಷ ದೇವರ ನಿಷ್ಠೆಗೆ ಕುಂದು ಬಾರದಂತೆ ಕಾಯುತ್ತಿದೆ. ಇನ್ನೊಂದು, ಒಲ್ಲೆನೆನ್ನುವ ಮನುಷ್ಯನ ಸ್ವಾತಂತ್ರ್ಯವನ್ನು ಕಾಯುತ್ತಿದೆ. ಒಂದನ್ನು ಬಿಟ್ಟರೆ ಧರ್ಮ ಬರಿಯ ಭಯವಾದೀತು. ಇನ್ನೊಂದನ್ನು ಬಿಟ್ಟರೆ ಬರಿಯ ಉದಾಸೀನವಾದೀತು. ಈ ತಿಳಿವಳಿಕೆ ಅವರಿಗೂ ಬಂದಂತಿದೆ. ೧೯೯೯ರ ಅಕ್ಟೋಬರ್ ೩೧ರಂದು ಆಗ್ಸ್‌ಬರ್ಗಿನಲ್ಲಿಯೇ ಕಥೋಲಿಕರೂ ಲೂಥರನ್ನರೂ ನೀತೀಕರಣದ ಬಗ್ಗೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ೨೦೦೬ರಲ್ಲಿ ಮೆಥಡಿಸ್ಟರೂ ೨೦೧೭ರಲ್ಲಿ ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಸಭೆಗಳೂ ಅದರೊಡನೆ ಕೂಡಿಕೊಂಡವು. ಭಿನ್ನಾಭಿಪ್ರಾಯಗಳು ಅಳಿದವೆಂದಲ್ಲ. ತನ್ನನ್ನು ನೋಡಿಕೊಂಡು ಅಂಜುವವನು ದೇವರ ವಾಗ್ದಾನವನ್ನು ನೋಡಿ ಧೈರ್ಯ ತಾಳಬಹುದೆಂಬಷ್ಟರ ಮಟ್ಟಿಗೆ ಒಮ್ಮತವಾಯಿತು.

ಮತ್ತೊಂದು ಸಂಜೆ ಆ ಹಿರಿಯಾಕೆಯ ಮನೆಗೆ ಹೋದೆ. ಸಭೆ, ಸಿದ್ಧಾಂತ ಯಾವುದನ್ನೂ ಹೇಳಲಿಲ್ಲ. ನಿಮ್ಮ ಮತದ ಪ್ರಕಾರವೇ, ಗುರುಗಳು ಬರುವ ಮುನ್ನದ ಆ ಕೆಲವು ನಿಮಿಷಗಳೂ ದೇವರಿಗೆ ಸಾಲುತ್ತವೆ ಎಂದಷ್ಟೇ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ರಾತ್ರಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಮೇಷ್ಟ್ರೇ. ಅವನು ಹಿಡಿದಿದ್ದನೋ, ನಾನು ಹಿಡಿದಿದ್ದೆನೋ, ಈಗ ನೆನಪಿಲ್ಲ” ಎಂದರು.