ಕಾರ್ಡು ಬರೆದ ಮೇಷ್ಟ್ರುಗಳು

ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಅಕ್ಷರಾಭ್ಯಾಸ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಕೈವಶವಾದರೆ ಕಾಗುಣಿತದ ಗೊಡವೆಯೇ ಇಲ್ಲದೆ ಮಗು ಸರ, ಅರಸ, ಅಗಸ, ದಸರ ಎಂದು ಓದಿಬಿಡುತ್ತದೆ. ಗರಗಸ ಕೂಡ. ವರ್ಣಮಾಲೆ ಪೂರ್ತಿ ಬಾಯಿಪಾಠವಾಗುವ ತನಕ ಒಂದು ಪದಕ್ಕೂ ಕಾಯಬೇಕಿಲ್ಲ.

ಈ ಪದ್ಧತಿ ನಮ್ಮಲ್ಲಿ ಬೇರು ಬಿಟ್ಟದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಕಾಡಂಚಿನ ಊರುಗಳು, ಹಾಡಿಗಳು. ಒಬ್ಬಿಬ್ಬರು ಮೇಷ್ಟ್ರು, ಅವರ ಮುಂದೆ ಒಂದೇ ಕೋಣೆಯಲ್ಲಿ ಮೂರ್ನಾಲ್ಕು ತರಗತಿ. ಕೂಲಿ, ಸುಗ್ಗಿ ಎಂದು ಅಪ್ಪ ಅಮ್ಮನ ಹಿಂದೆ ಹೋದ ಮಗು ತಿರುಗಿ ಬರುವಷ್ಟರಲ್ಲಿ ಪಾಠ ಎಲ್ಲಿಗೋ ಹೋಗಿರುತ್ತಿತ್ತು. ಯುನಿಸೆಫ್ ನೆರವಿನಲ್ಲಿ ಇಲ್ಲಿನ ಶಿಕ್ಷಕರ ಒಂದು ಗುಂಪು ಆಂಧ್ರದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಗೆ ಹೋಯಿತು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿ ಶಾಲೆಗಳಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿಂದ ಕಲಿಸುವ ಕ್ರಮ ರೂಪಿಸಿದ್ದರು. ನೋಡಿ ಬಂದವರು ಅದನ್ನೇ ನಕಲು ಮಾಡಲಿಲ್ಲ. ತಾವೇ ಕೂಡಿ ಕೂತು ತಮ್ಮ ಮಕ್ಕಳಿಗೆ ಒಗ್ಗುವ ಹಾಡು, ಕತೆ, ಲೆಕ್ಕ, ಚಿತ್ರ ಸೇರಿಸಿ ಕನ್ನಡದ ಕಾರ್ಡುಗಳನ್ನು ಕಟ್ಟಿದರು. ತರಗತಿಯಲ್ಲಿ ಓಡದ ಕಾರ್ಡನ್ನು ಮತ್ತೆ ಬರೆದರು. ತರಬೇತಿ ಎಂದರೆ ಮೇಲಿನವರು ಹೇಳುವುದು, ಕೆಳಗಿನವರು ಬರೆದುಕೊಳ್ಳುವುದು ಎಂದೇ ನಡೆದುಬಂದಿದ್ದ ಇಲಾಖೆಯಲ್ಲಿ ಇದು ಸಣ್ಣ ಮಾತಲ್ಲ.

ಗೋಡೆಯ ಮೇಲೆ ‘ಕಲಿಕಾ ಏಣಿ’ ಇರುತ್ತದೆ. ಅದರ ಮೆಟ್ಟಿಲುಗಳಲ್ಲಿ ಹಕ್ಕಿ, ಪ್ರಾಣಿ, ವಾಹನಗಳ ಚಿಕ್ಕ ಚಿತ್ರಗಳು. ನಿನ್ನೆ ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದ ಮುಂದಿನ ಚಿತ್ರ ಹುಡುಕಿ, ಅದೇ ಗುರುತಿನ ಕಾರ್ಡನ್ನು ಮಗು ತಾನೇ ತಂದುಕೊಳ್ಳುತ್ತದೆ. ಆ ಗುರುತು ಯಾವ ಗುಂಪಿನದೋ ಆ ‘ತಟ್ಟೆ’ಯಲ್ಲಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರು ಬೇಕೇ ಬೇಕು. ಇನ್ನೊಂದರಲ್ಲಿ ಗೆಳೆಯರು ಸಾಕು. ಮತ್ತೊಂದರಲ್ಲಿ ಯಾರೂ ಬೇಡ, ಸ್ವಕಲಿಕೆ. ವಾರಗಟ್ಟಲೆ ತಪ್ಪಿಸಿಕೊಂಡ ಮಗುವಿಗೂ ಅದರ ಮೆಟ್ಟಿಲು ಕಾದಿರುತ್ತದೆ.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕಾರ್ಡುಗಳು ಅಚ್ಚಾಗಿ ಬಂದವು. ಬರೆದವರಿಗೆ ಕಾರ್ಡಿನ ಒಳಹೊರಗು ಗೊತ್ತಿತ್ತು. ಡಬ್ಬದಲ್ಲಿ ಪಡೆದವರಿಗೆ ಅದು ಇನ್ನೊಂದು ಆದೇಶ. ಈ ಪದ್ಧತಿಯ ಮೇಲಿನ ಅರ್ಧ ದೂರುಗಳ ಮೂಲ ಇಲ್ಲೇ ಇದೆ ಎಂದು ನನ್ನ ಅನಿಸಿಕೆ.

ಇನ್ನು ಮನ್ನಣೆಯ ಮಾತು. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಿಂದ ಇದೆ. 2018ರಿಂದ ಶಿಕ್ಷಕರು ತಮ್ಮ ಅರ್ಜಿಯನ್ನು ತಾವೇ ಆನ್‌ಲೈನ್‌ನಲ್ಲಿ ಹಾಕಬಹುದು. ಶಿಫಾರಸಿಗೆ ಅಲೆಯುವುದು ತಪ್ಪಿತು, ಒಳ್ಳೆಯದೇ. ಆದರೂ ಅರ್ಜಿ ಒಬ್ಬರದು, ಪದಕ ಒಬ್ಬರಿಗೆ. ಹತ್ತು ಮಂದಿ ಸೇರಿ ತಿದ್ದಿದ ಪಾಠವನ್ನು ಅದರಲ್ಲಿ ಯಾರ ಹೆಸರಿಗೆ ಬರೆಯುವುದು?

ಕೂಡಿ ತಿದ್ದುವ ಜಾಗ ಇಲಾಖೆಯಲ್ಲಿ ಇಲ್ಲವೆಂದಲ್ಲ. ತೊಂಬತ್ತರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ (ಡಿಪಿಇಪಿ) ಜೊತೆ ಬಂದ ಕ್ಲಸ್ಟರ್ ವ್ಯವಸ್ಥೆಯ ‘ಸಮಾಲೋಚನಾ ಸಭೆ’ ಇರುವುದೇ ಅದಕ್ಕೆ. ಸುತ್ತಿನ ಶಾಲೆಗಳ ಶಿಕ್ಷಕರು ಒಂದು ಕಡೆ ಸೇರಿ, ಯಾರಾದರೊಬ್ಬರು ಮಾದರಿ ಪಾಠ ಮಾಡಿ, ಉಳಿದವರು ಸರಿತಪ್ಪು ಮಾತಾಡಬೇಕು. ಭಾಗಾಕಾರದಲ್ಲಿ ಸೊನ್ನೆ ಎಲ್ಲಿ ಜಾರುತ್ತದೆ ಎಂಬ ಮಾತು ಒಮ್ಮೆ ಎದ್ದಿತೆಂದರೆ ಮಧ್ಯಾಹ್ನದ ಊಟ ತಡವಾದರೂ ಯಾರಿಗೂ ಬೇಸರವಿಲ್ಲ. ಆದರೆ ಹಲವು ಕಡೆ ಬಿಸಿಯೂಟದ ಲೆಕ್ಕ, ದಾಖಲಾತಿ ಅಂಕಿಅಂಶ, ಹೊಸ ಸುತ್ತೋಲೆಗಳೇ ಆ ಹೊತ್ತನ್ನು ನುಂಗುತ್ತವೆ. ಸುತ್ತೋಲೆ ಹೇಗೂ ಹಿಂದಿನ ದಿನವೇ ವಾಟ್ಸ್ಆ್ಯಪ್‌ನಲ್ಲಿ ಬಂದಿರುತ್ತದೆ. ಅದನ್ನು ಮತ್ತೆ ಓದಿ ಹೇಳುವುದನ್ನು ಬಿಟ್ಟರೂ ಒಂದು ಪಾಠಕ್ಕಾಗುವಷ್ಟು ಸಮಯ ಉಳಿಯುತ್ತದೆ.