ಜಾಮೀನು ಹಕ್ಕೋ, ಕೃಪೆಯೋ?

ಪ್ರಶ್ನೆ: ಅಪರಾಧ ಸಾಬೀತಾಗುವ ಮೊದಲೇ ಜನ ತಿಂಗಳುಗಟ್ಟಲೆ ಜೈಲಲ್ಲಿರುತ್ತಾರಲ್ಲ, ಜಾಮೀನು ಹಕ್ಕಲ್ಲವೇ?

ಉತ್ತರ: ಕೆಲವೊಮ್ಮೆ ಹಕ್ಕು, ಕೆಲವೊಮ್ಮೆ ನ್ಯಾಯಾಧೀಶರ ವಿವೇಚನೆ. ಜಾಮೀನು ಸಿಗುವಂಥ ಸಣ್ಣ ಅಪರಾಧವಾದರೆ ಠಾಣೆಯಲ್ಲೇ ಬಿಡಬೇಕು. ಗಂಭೀರ ಕೇಸಾದರೆ ಕೋರ್ಟಿನ ಮೆಟ್ಟಿಲು. ಆಂಧ್ರಪ್ರದೇಶದಲ್ಲಿ ಆಗ ವಿರೋಧ ಪಕ್ಷದಲ್ಲಿದ್ದ ಚಂದ್ರಬಾಬು ನಾಯ್ಡು ಅವರನ್ನೇ ನೋಡಿ: ವಿಜಯವಾಡದ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಕೋರ್ಟ್ 2023ರ ಸೆಪ್ಟೆಂಬರ್ 10ರಂದು ರಿಮಾಂಡಿಗೆ ಕಳಿಸಿತು, ಆರೋಗ್ಯದ ಕಾರಣಕ್ಕೆ ಹೈಕೋರ್ಟಿನಿಂದ ಮಧ್ಯಂತರ ಜಾಮೀನು ಸಿಕ್ಕಿದ್ದು ಅಕ್ಟೋಬರ್ 31ಕ್ಕೆ. ಘಟಾನುಘಟಿ ವಕೀಲರಿದ್ದೂ ಇಷ್ಟು ದಿನ!

ವಿಶಾಖಪಟ್ಟಣದ ಕಡೆಯ ಗಾಂಜಾ ಕೇಸುಗಳದು ಬೇರೆಯೇ ಕಥೆ. ಮಾಲು 20 ಕಿಲೋ ದಾಟಿತೋ, ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 37ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ, ಹೊರಬಂದು ಮತ್ತೆ ಅಪರಾಧ ಮಾಡಲಾರ ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಮೂಟೆ ಹೊತ್ತ ಕೂಲಿಯವನಿಗೂ ಇದೇ ನಿಯಮ. ನನಗಂತೂ ಇದು ಕಠೋರ ಅನ್ನಿಸುತ್ತದೆ.

ಆದರೆ ಗಡುವಿನೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಖಂಡಿತ ಹಕ್ಕು. ಸಾಮಾನ್ಯ ಕೇಸಿಗೆ 60 ಇಲ್ಲವೇ 90 ದಿನ. ಇಂಥ ಗಾಂಜಾ ಕೇಸಿಗೆ, ಕೋರ್ಟ್ ವಿಸ್ತರಿಸದಿದ್ದರೆ, 180. ಅರ್ಜಿಯನ್ನು ಮಾತ್ರ ಆರೋಪಪಟ್ಟಿ ಬರುವ ಮುಂಚೆಯೇ ಹಾಕಬೇಕು. ವಕೀಲರಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಅಲ್ಲಿ ವಕೀಲರು ಉಚಿತ.