ಬರಸೀಮೆಯ ಅಂಗಳಕ್ಕೆ ಬಾಳುವ ಗಿಡಗಳು

ಮಳೆಗಾಲ ಬಂದಿತೆಂದರೆ ಊರೂರಿನಲ್ಲಿಯೂ ಗಿಡ ನೆಡುವ ಉತ್ಸಾಹ ಹುಟ್ಟುತ್ತದೆ. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವು ಇಂದಿಗೂ ನಡೆದುಬಂದಿದೆ. ನೆಡುವುದೇನೋ ಸಂಭ್ರಮದಿಂದಲೇ ಆಗುತ್ತದೆ. ಆದರೆ ಮುಂದಿನ ಯುಗಾದಿಯ ಹೊತ್ತಿಗೆ ಅವುಗಳಲ್ಲಿ ಎಷ್ಟು ಉಳಿದವೆಂದು ಎಣಿಸುವವರು ಕಡಿಮೆ. ಕೊಡ ನೀರಿಗಾಗಿ ಹೆಣ್ಣುಮಕ್ಕಳು ದೂರ ನಡೆಯುವ ಊರಿನಲ್ಲಿ, ದಿನವೂ ನೀರು ಬೇಡುವ ಗಿಡವನ್ನು ಅಂಗಳದಲ್ಲಿ ನೆಟ್ಟರೆ ಮನೆಗೆ ಇನ್ನೊಂದು ಬಾಯಿ ಸೇರಿಸಿದಂತೆಯೇ ಸರಿ. ಆ ಹೊರೆ ಬೀಳುವುದೂ ಅವರ ತಲೆಯ ಮೇಲೆಯೇ.

ಹಾಗೆಂದು ಅಂಗಳವನ್ನೂ ಶಾಲೆಯ ಆವರಣವನ್ನೂ ಬೋಳಾಗಿ ಬಿಡಬೇಕೇ? ಬೇಡ. ನೀರನ್ನು ನೋಡಿ ಗಿಡ ಆರಿಸಬೇಕು, ಅಷ್ಟೇ. ಗಿಡ ತರುವ ಮೊದಲು ಮೂರು ಮಾತು ವಿಚಾರಿಸಿಕೊಳ್ಳಿರಿ: ಮಳೆ, ಮಣ್ಣು, ಮೇಕೆ. ನಮ್ಮ ಶಾಲೆಯ ಮಕ್ಕಳಿಗೆ ನಾವು ಇದನ್ನು 'ಮೂರು ಮಕಾರ'ಗಳೆಂದು ಹೇಳಿಕೊಟ್ಟಿದ್ದೇವೆ.

ಮೊದಲನೆಯದು ಮಳೆ. ಮಡಕಶಿರಾ, ರಾಯದುರ್ಗಗಳನ್ನು ಒಳಗೊಂಡ ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ 550 ಮಿಲಿಮೀಟರಿನ ಆಸುಪಾಸು. ಸೊಲ್ಲಾಪುರ, ಜತ್ತ ಸೀಮೆಯೂ ಮಳೆನೆರಳಿನದೇ. ಕಾಸರಗೋಡಿನಲ್ಲಾದರೋ 3,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಅಲ್ಲಿ ಸೊಂಪಾಗಿ ಬೆಳೆದುದನ್ನು ಕಂಡು ಇಲ್ಲಿಗೆ ತಂದರೆ ಕೆಡುಕು ಗಿಡದ್ದಲ್ಲ, ತಂದವರದು. ನಿಮ್ಮ ಊರಿನ ಸುತ್ತ ಯಾರೂ ನೀರೆರೆಯದೆ ವೈಶಾಖದಲ್ಲಿಯೂ ಹಸುರಾಗಿ ನಿಂತಿರುವ ಮರಗಿಡಗಳನ್ನು ನೋಡಿರಿ. ನಿಮಗೆ ಬೇಕಾದ ಪಟ್ಟಿ ಅದೇ.

ಎರಡನೆಯದು ಮಣ್ಣು. ಮಡಕಶಿರಾ ಕಡೆಯ ತೆಳುವಾದ ಕೆಂಪು ಕಲ್ಲುನೆಲದಲ್ಲಿ ನೀರು ನಿಲ್ಲುವುದಿಲ್ಲ. ಅಲ್ಲಿಗೆ ಬೇವು, ಸೀತಾಫಲ, ತಂಗಡಿ, ಬಂದರಿಕೆ ಒಪ್ಪುತ್ತವೆ. ಸೊಲ್ಲಾಪುರ, ಆದವಾನಿ ಕಡೆಯ ಎರೆನೆಲವು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಬಿರುಕಿನಲ್ಲಿ ಎಳೆಯ ಬೇರು ಹರಿದುಹೋಗುತ್ತದೆ. ಕರಿಜಾಲಿ, ಬೋರೆಗಳು ಅದನ್ನು ತಾಳಿಕೊಳ್ಳುತ್ತವೆ. ಬೇವು ಎರೆಯಲ್ಲಿಯೂ ಬರುತ್ತದೆ, ಆದರೆ ನೀರು ನಿಲ್ಲುವ ತಗ್ಗಿನಲ್ಲಿ ಬಾಳದು.

ಮೂರನೆಯದು ಮೇಕೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯುಂಟು. ಆದರೂ ಆಡು ಒಲ್ಲದ ಗಿಡಗಳು ನಮ್ಮಲ್ಲಿ ಹಲವಿವೆ. ಸೀತಾಫಲ, ಬಂದರಿಕೆ, ಲಕ್ಕಿ, ಆಡುಸೋಗೆಗಳನ್ನು ದನಕರುಗಳೂ ಮೇಕೆಗಳೂ ಸಾಮಾನ್ಯವಾಗಿ ಬಿಟ್ಟು ಹೋಗುತ್ತವೆ. ಮುಳ್ಳುಬೇಲಿ ಕಟ್ಟಲು ಶಕ್ತಿಯಿಲ್ಲದ ಮನೆಗೆ ಇಂತಹವೇ ಉತ್ತಮ.

ಇನ್ನು ಯಾವ ಕೆಲಸಕ್ಕೆ ಯಾವ ಗಿಡವೆಂಬುದನ್ನು ಹೇಳುತ್ತೇವೆ.

ನೆರಳಿಗೆ: ಬೇವು, ಹೊಂಗೆ, ಹುಣಸೆ. ಹೊಂಗೆಯ ಸೊಪ್ಪು ಹೊಲಕ್ಕೆ ಹಸಿರುಗೊಬ್ಬರವಾಗುತ್ತದೆ, ಬೀಜ ಎಣ್ಣೆಗೆ ಒದಗುತ್ತದೆ. ಹುಣಸೆ ಬಹಳ ಹರಡುವುದರಿಂದ ಗೋಡೆಗೆ ದೂರವಿರಲಿ. ಬೇವನ್ನು ಬೀಜದಿಂದ ಎಬ್ಬಿಸುವವರು ಮಾಗಿದ ಹಣ್ಣನ್ನು ಆರಿಸಿ ತಿರುಳು ತೊಳೆದು ಕೂಡಲೇ ಬಿತ್ತಬೇಕು. ಕೆಲವೇ ವಾರಗಳಲ್ಲಿ ಆ ಬೀಜದ ಮೊಳೆಯುವ ಶಕ್ತಿ ಕುಂದುತ್ತದೆ.

ಬೇಲಿಗೆ: ಲಕ್ಕಿ, ಆಡುಸೋಗೆ, ಗೊಬ್ಬರದ ಗಿಡ. ಮೂರೂ ಕಡ್ಡಿ ನೆಟ್ಟರೆ ಚಿಗುರುತ್ತವೆ. ಹೊಲದ ಅಂಚಿಗೆ ಕತ್ತಾಳೆಯೂ ಆದೀತು. ಕಳ್ಳಿಯ ಬೇಲಿಯೂ ಗಟ್ಟಿಯೇ. ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಮಕ್ಕಳು ಆಡುವ ಕಡೆ ಬೇಡ.

ಹೂವಿಗೆ: ದೇವಕಣಗಿಲೆ, ಕಾಗದದ ಹೂ, ಹಳದಿ ಹೂ ಬಿಡುವ ತಂಗಡಿ. ಕಣಗಿಲೆಯೂ ಬರಕ್ಕೆ ಬಗ್ಗದ ಗಿಡವೇ, ಮೇಕೆಯೂ ಮುಟ್ಟದು. ಮುಟ್ಟದಿರುವುದಕ್ಕೆ ಕಾರಣ ಅದರ ವಿಷ. ಹಳದಿ ಕಣಗಿಲೆಯ ಬೀಜವೂ ಹಾಗೆಯೇ ವಿಷ. ಆದುದರಿಂದ ಶಾಲೆಯಲ್ಲಿಯೂ ಎಳೆಯ ಮಕ್ಕಳಿರುವ ಮನೆಯಲ್ಲಿಯೂ ಇವೆರಡನ್ನು ನೆಡಲೇಬಾರದು.

ಗಟ್ಟಿಯಾದುದೆಲ್ಲ ಒಳ್ಳೆಯದಲ್ಲವೆಂಬುದಕ್ಕೆ ದೊಡ್ಡ ನಿದರ್ಶನ ಬಳ್ಳಾರಿ ಜಾಲಿ. ತೆಲುಗರು ಇದನ್ನು ಸರ್ಕಾರು ತುಮ್ಮವೆನ್ನುತ್ತಾರೆ, ಮರಾಠಿಗರು ವೇಡಿ ಬಾಭೂಳ್ ಎನ್ನುತ್ತಾರೆ, ತಮಿಳರು ಸೀಮೈ ಕರುವೇಲಂ ಎನ್ನುತ್ತಾರೆ. ಅಮೆರಿಕ ಖಂಡದಿಂದ ಬಂದ ಇದನ್ನು 1877ರಲ್ಲಿ ಕಡಪದ ಕಡೆ ನೆಟ್ಟರು. ಸೌದೆಗೇನೋ ಒದಗಿತು. ಆದರೆ ಕಾಯಿ ತಿಂದ ದನಗಳ ಸಗಣಿಯ ಮೂಲಕ ಬೀಜ ಹರಡಿ, ಇಂದು ಗೋಮಾಳಗಳನ್ನೂ ಕೆರೆಯಂಗಳಗಳನ್ನೂ ಅದು ಮುಚ್ಚಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇಲಿಗೆಂದೂ ಇದನ್ನು ತರಬೇಡಿರಿ. ಲಂಟಾನವೂ ಇದೇ ಜಾತಿಯ ಉಪದ್ರವ. ಅದರ ಸೊಪ್ಪು ದನಗಳಿಗೆ ವಿಷ.

ಎಂತಹ ಗಟ್ಟಿ ಗಿಡಕ್ಕೂ ಮೊದಲ ಎರಡು ಬೇಸಗೆ ಕಷ್ಟದವು. ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೊದಲೇ ತೋಡಿ ಬಿಸಿಲಿಗೆ ಬಿಡಿರಿ. ಮೇಲ್ಮಣ್ಣಿಗೆ ಕೆರೆಗೋಡು, ಕೊಳೆತ ಗೊಬ್ಬರ ಬೆರೆಸಿ ತುಂಬಿರಿ. ನೆಲ ಚೆನ್ನಾಗಿ ನೆನೆದ ಮೇಲೆ ಮೊಣಕಾಲೆತ್ತರದ ಸಸಿ ನೆಡಿರಿ; ಆಳೆತ್ತರದ ಸಸಿಗಿಂತ ಅದು ಬೇಗ ಬೇರೂರುತ್ತದೆ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಹರಿದು ತೆಗೆದು, ಸುರುಳಿ ಸುತ್ತಿದ ಬೇರಿನ ತುದಿ ಕತ್ತರಿಸಿರಿ.

ಬಳಿಕ ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಸಣ್ಣ ಬದು ಹಾಕಿರಿ. ಇದರ ಲೆಕ್ಕ ಸುಲಭ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಹತ್ತು ಚದರ ಮೀಟರಿನ ಮೇಲೆ 20 ಮಿಲಿಮೀಟರು ಬಿದ್ದರೆ 200 ಲೀಟರು. ಅರ್ಧ ಮಾತ್ರ ಬುಡಕ್ಕೆ ಬಂದಿತೆಂದರೂ 100 ಲೀಟರು, ಅಂದರೆ ಏಳೆಂಟು ಕೊಡ! ಅಷ್ಟು ನೀರನ್ನು ಯಾರೂ ಹೊತ್ತು ತರಬೇಕಾಗಿಲ್ಲ.

ಬುಡದ ಸುತ್ತ ಒಣಗಿದ ಎಲೆಯನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಹರಡಿರಿ; ಗೆದ್ದಲು ಹತ್ತದಂತೆ ಕಾಂಡಕ್ಕೆ ಗೇಣು ದೂರ ಬಿಡಿರಿ. ಮೊದಲ ಬೇಸಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ, ಎರಡನೆಯದರಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ದಿನವೂ ಒಂದು ಚೊಂಬು ಹಾಕಿದರೆ ಮೇಲ್ಮಣ್ಣು ಮಾತ್ರ ನೆನೆದು, ಬೇರು ಆಳಕ್ಕಿಳಿಯದೆ ಮೇಲೆಯೇ ಉಳಿಯುತ್ತದೆ. ಮೂರನೆಯ ಬೇಸಗೆಯಿಂದ ಆ ಕೊಡ ಮನೆಗೇ ಉಳಿಯಬೇಕು.

ನೂರು ಸಸಿ ನೆಟ್ಟು ಮರೆಯುವುದಕ್ಕಿಂತ ಐದು ನೆಟ್ಟು ಐದನ್ನೂ ಉಳಿಸಿಕೊಳ್ಳುವುದು ಮೇಲು. ಈ ಮಳೆಗಾಲದಲ್ಲಿ ಅಷ್ಟು ಮಾಡಿರಿ. ಮುಂದಿನ ಯುಗಾದಿಗೆ ಎಣಿಸಿರಿ.